ಗಾದಿಯಮ್ಮನ ಲಿವರ್

ನನ್ನ ತಾಯಿಯ ಅಕ್ಕನನ್ನು ಬೀದಿಯವರೆಲ್ಲ ಗಾದಿಯಮ್ಮ ಎಂದೇ ಕರೆಯುತ್ತಿದ್ದರು. ಹರಿದ ಸೋಫಾ, ಕುಸಿದ ಕುರ್ಚಿ, ಹೊಟ್ಟೆ ಬಿರಿದ ದಿಂಬು, ಏನೇ ಇರಲಿ, ಮನೆಯ ಮುಂದಿನ ಕೋಣೆಯಲ್ಲಿದ್ದ ಅವಳ ಅಂಗಡಿಗೆ ಬಂದು ಬೀಳುತ್ತಿತ್ತು. ಒಳಗೆ ಕಾಲಿಟ್ಟರೆ ಮೊದಲು ಕಾಣುತ್ತಿದ್ದುದು ಬೆನ್ನ ಮೇಲೆ ಮಲಗಿಸಿದ ಒಂದು ಸೋಫಾ, ನಾಲ್ಕೂ ಕಾಲು ಮೇಲೆತ್ತಿಕೊಂಡು, ಸ್ಪ್ರಿಂಗುಗಳನ್ನು ಹೊರಗೆ ಚಾಚಿಕೊಂಡು. ಅದರ ಹಿಂದೆ ಎಲ್ಲೋ ದೊಡ್ಡಮ್ಮ. ಕೈಯಲ್ಲಿ ಸುತ್ತಿಗೆ, ಬಾಯಿ ತುಂಬ ಸಣ್ಣ ಮೊಳೆ. ಒಂದೊಂದೇ ಮೊಳೆಯನ್ನು ನಾಲಿಗೆಯ ತುದಿಗೆ ತಂದು, ತುಟಿಯಿಂದ ಬೆರಳಿಗೆ ದಾಟಿಸಿ, ಟಕ್ ಟಕ್ ಎಂದು ಎರಡೇಟಿಗೆ ಕೂರಿಸುತ್ತಿದ್ದಳು. ಮೊಳೆ ಬಾಯಲ್ಲಿದ್ದಾಗ ಅವಳು ಆಡುವ ಮಾತು ನಮಗೆ ಮಾತ್ರ ಅರ್ಥವಾಗುತ್ತಿತ್ತು. ಗಿರಾಕಿಗಳು ಎಲ್ಲದಕ್ಕೂ "ಹೂಂ ಹೂಂ" ಎಂದು ತಲೆಯಾಡಿಸಿ ಹೋಗುತ್ತಿದ್ದರು. ಎಷ್ಟೋ ಸಲ ಅವಳು ಬೈದಿದ್ದಕ್ಕೂ ಹೂಂ ಅಂದವರಿದ್ದರು.

ದೊಡ್ಡಪ್ಪ ಹಿತ್ತಲಲ್ಲಿ ಮರದ ಚೌಕಟ್ಟು ಮಾಡುತ್ತಿದ್ದ. ಅವನದು ಮಾತಿಲ್ಲದ ಕೆಲಸ, ಅವಳದು ಕೆಲಸದಷ್ಟೇ ಮಾತು. ಮಹಡಿಯ ಮೇಲೆ ನಾನೂ ನನ್ನಮ್ಮನೂ ಇದ್ದೆವು. ಬೆಳಗ್ಗೆ ಸುತ್ತಿಗೆಯ ಸದ್ದಿಗೆ ಎದ್ದರೆ ಊಟದ ಹೊತ್ತಿನವರೆಗೂ ಅವಳ ದನಿ ಕೆಳಗಿನಿಂದ ಮೇಲಕ್ಕೆ ಹರಿದು ಬರುತ್ತಿತ್ತು. ಆಮೇಲೆ ನಿಲ್ಲುತ್ತಿತ್ತು. ಎರಡು ಮೂರು ವರ್ಷದಿಂದ ಮಧ್ಯಾಹ್ನವಾದರೆ ಅವಳು ಯಾರದ್ದೋ ಸೋಫಾದ ಮೇಲೆ ಕಾಲು ಚಾಚಿಬಿಡುತ್ತಿದ್ದಳು. ಕೇಳಿದರೆ, "ಸುಮ್ನೆ ಮಲಗಿದ್ದೀನಿ ಅಂದ್ಕೊಂಡ್ಯಾ? ಗಾದಿ ಪರೀಕ್ಷೆ ಮಾಡ್ತಿದ್ದೀನಿ" ಅನ್ನುತ್ತಿದ್ದಳು. ಪರೀಕ್ಷೆ ಸಂಜೆಯವರೆಗೂ ನಡೆಯುತ್ತಿತ್ತು. ವಯಸ್ಸಾಯಿತಲ್ಲ ಎಂದು ನಾವೂ ಸುಮ್ಮನಿದ್ದೆವು.

ಅವಳ ಒಬ್ಬಳೇ ಮಗಳು, ನನಗೆ ಅಕ್ಕ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಭಾವ ಎಲೆಕ್ಟ್ರಿಷಿಯನ್. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅಕ್ಕನಿಗೆ ಗರ್ಭ ನಿಂತಾಗ ದೊಡ್ಡಮ್ಮ ಬಂದ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದಳು. ಅಲ್ಲೇ ಒಂದು ಸಣ್ಣ ಹಾಸಿಗೆ ಹೊಲಿಯಲೂ ಶುರುಮಾಡಿದಳು. ಅದು ತೊಟ್ಟಿಲಿಗಿಂತ ದೊಡ್ಡದಾಗುತ್ತಿದೆ ಎಂದು ದೊಡ್ಡಪ್ಪ ಹೇಳಿದ್ದಕ್ಕೆ, "ಹಾಗಿದ್ರೆ ತೊಟ್ಟಿಲು ದೊಡ್ಡದು ಮಾಡಿ" ಎಂದಳು.

ಒಂದು ಸಂಜೆ ಅಕ್ಕ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದಳು. ಭಾವ ಹಿಂದೆಯೇ ನಿಂತಿದ್ದ. ನಾನು ಬಟ್ಟೆಯ ಸುರುಳಿ ಬಿಚ್ಚಲು ದೊಡ್ಡಮ್ಮನಿಗೆ ನೆರವಾಗುತ್ತಿದ್ದೆ.

"ಅಮ್ಮಾ, ಬಸಿರಿಯರಿಗೆ ಎಲ್ರಿಗೂ ಮಾಡೋ ರಕ್ತ ಪರೀಕ್ಷೆ ಇರುತ್ತಲ್ಲ, ಅದರಲ್ಲಿ ನಂಗೆ ಹೆಪಟೈಟಿಸ್ ಬಿ ಇದೆ ಅಂತ ಬಂದಿದೆ."

ದೊಡ್ಡಮ್ಮ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗಿದಳು. "ಅಂದ್ರೆ ಕಾಮಾಲೆನಾ? ನಿನ್ನ ಕಣ್ಣು ಹಾಲಿನ ಹಾಗೆ ಬೆಳ್ಳಗಿದೆಯಲ್ಲೇ!"

"ಕಣ್ಣು ಹಳದಿ ಆಗ್ಲೇಬೇಕು ಅಂತಿಲ್ವಂತೆ. ವೈರಸ್ಸು ಸದ್ದಿಲ್ದೆ ಲಿವರ್‌ನಲ್ಲಿ ಕೂತಿರುತ್ತಂತೆ, ವರ್ಷಗಟ್ಟಲೆ."

ದೊಡ್ಡಮ್ಮನ ಕಣ್ಣು ಮಗಳನ್ನು ದಾಟಿ ಅಳಿಯನ ಮೇಲೆ ನಿಂತಿತು. ಭಾವ ತಪ್ಪೇನೂ ಮಾಡದಿದ್ದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. "ನಂಗೂ ಮಾಡಿದ್ರು ಅತ್ತೆ. ನಂಗಿಲ್ಲ. ಲಸಿಕೆ ಹಾಕಿಸ್ಕೊಳ್ಳಿ ಅಂದಿದ್ದಾರೆ" ಅಂದ.

"ಹಾಗಾದ್ರೆ ಇವಳಿಗೆ ಎಲ್ಲಿಂದ ಬಂತು, ಆಕಾಶದಿಂದಾ?"

ಅಕ್ಕ ತಾಯಿಯ ಎದುರು ಸ್ಟೂಲ್ ಎಳೆದುಕೊಂಡು ಕೂತಳು. ಅವಳ ದನಿ ಮೆತ್ತಗಾಯಿತು. "ಹೆಚ್ಚಾಗಿ ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುಗೆ ಬರುತ್ತಂತೆ. ನಿನ್ನ ರಕ್ತಾನೂ ನೋಡ್ಬೇಕಂತೆ ಅಮ್ಮಾ."

ದೊಡ್ಡಮ್ಮ ಮೊಳೆಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅವಳು ಮಾತಿಲ್ಲದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವಳೊಬ್ಬಳೇ ಅಲ್ಲ, ಮನೆಮಂದಿಯೆಲ್ಲ ಪರೀಕ್ಷೆಗೆ ರಕ್ತ ಕೊಟ್ಟೆವು. ನನಗೆ ಚಿಕ್ಕಂದಿನಲ್ಲೇ ಲಸಿಕೆಯಾಗಿತ್ತು, ರಕ್ಷಣೆ ಇತ್ತು. ನನ್ನಮ್ಮನಿಗೆ ಯಾವಾಗಲೋ ಬಂದು, ಅವಳಿಗೇ ತಿಳಿಯದಂತೆ ವಾಸಿಯೂ ಆಗಿ, ರಕ್ತದಲ್ಲಿ ಅದರ ಗುರುತು ಮಾತ್ರ ಉಳಿದಿತ್ತು. "ನೋಡು, ನಂದು ಗಟ್ಟಿ ಜೀವ" ಎಂದು ಅವಳು ಬೀಗಿದಳು. ಅಕ್ಕನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ದೊಡ್ಡಪ್ಪನ ರಕ್ತದಲ್ಲೂ ಅದೇ ಗುರುತು. ದೊಡ್ಡಮ್ಮನ ಕಡೆ ಕೈ ತೋರಿಸಿ ಅವನು ಒಂದು ಮಾತು ಹೇಳಿದ: "ಇವಳನ್ನೇ ತಡ್ಕೊಂಡಿದ್ದೀನಿ, ವೈರಸ್ಸು ಯಾವ ಲೆಕ್ಕ?"

ದೊಡ್ಡಮ್ಮನ ರಕ್ತದಲ್ಲಿ ವೈರಸ್ಸೇ ಇತ್ತು. ಅವಳಿಗೂ ಅವಳ ತಾಯಿಯಿಂದಲೇ ಬಂದಿರಬೇಕು. ಆ ಅಜ್ಜಿ ಹೊಟ್ಟೆ ಉಬ್ಬರಿಸಿಕೊಂಡು ತೀರಿಕೊಂಡಿದ್ದಳು. ಯಾವ ಕಾಯಿಲೆ ಎಂದು ಆಗ ಯಾರೂ ಹೆಸರಿಟ್ಟು ಹೇಳಿರಲಿಲ್ಲ.

ಲಿವರ್ ಡಾಕ್ಟರ ಹತ್ತಿರ ದೊಡ್ಡಮ್ಮನನ್ನು ಕರೆದುಕೊಂಡು ಹೋದವಳು ನಾನು. ಕಾಯುವ ಕೋಣೆಯಲ್ಲಿ ಅವಳು ಕೂರಲೇ ಇಲ್ಲ. ಸಾಲು ಕುರ್ಚಿಗಳ ಹರಿದ ಸೀಟಿಗೆಲ್ಲ ಬೆರಳು ತೂರಿಸಿ, "ಒಳಗೆ ಬರೀ ಪುಡಿ! ಯಾರ ಕೈಲಿ ಮಾಡಿಸಿದ್ರೋ" ಎಂದು ಗೊಣಗುತ್ತಿದ್ದಳು. ಹೆದರಿಕೆಯಾದಾಗ ಅವಳು ಹಾಗೆಯೇ, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುತ್ತಾಳೆ.

ಡಾಕ್ಟರು ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ ಸಣಕಲು ಹೆಂಗಸು. ನೆಗಡಿಯಾಗಿತ್ತು, ಮಾತಿನ ನಡುವೆ ಕರವಸ್ತ್ರ ಹುಡುಕುತ್ತಿದ್ದರು. ವರದಿ ನೋಡಿ, "ಸುಸ್ತಾಗುತ್ತಾ?" ಎಂದು ಕೇಳಿದರು.

"ಇಲ್ಲ" ಎಂದಳು ದೊಡ್ಡಮ್ಮ.

"ದಿನಾ ಮಧ್ಯಾಹ್ನ ಗಾದಿ ಪರೀಕ್ಷೆ ಮಾಡ್ತಾಳೆ" ಎಂದೆ ನಾನು. ಮೇಜಿನ ಕೆಳಗೆ ನನ್ನ ಕಾಲಿಗೆ ಒಂದು ಒದೆ ಬಿತ್ತು.

ಡಾಕ್ಟರು ನಕ್ಕು ಹೇಳಿದರು: "ಲಿವರ್ ಬಹಳ ತಾಳ್ಮೆ ಇರೋ ಅಂಗ ಅಮ್ಮಾ. ನೋವು ಅನ್ನಲ್ಲ, ಕೂಗಲ್ಲ. ವೈರಸ್ಸಿನ ಜೊತೆ ಒಳಗೊಳಗೇ ಜಗಳ ನಡೀತಾನೇ ಇರುತ್ತೆ, ಗಾಯ ಆಗುತ್ತೆ, ಒಣಗುತ್ತೆ, ಮತ್ತೆ ಆಗುತ್ತೆ. ಒಣಗಿದ ಕಡೆ ಕಲೆ ಉಳಿಯುತ್ತೆ. ವರ್ಷಗಟ್ಟಲೆ ಹೀಗೇ ಆದ್ರೆ ಮೆತ್ತಗಿರಬೇಕಾದ್ದು ನಾರುಗಟ್ಟಿ ಗಡುಸಾಗುತ್ತೆ."

"ನಂದು ಗಡುಸಾಗಿದೆಯಾ?"

"ಅದನ್ನೇ ನೋಡ್ತಿದ್ದೀನಿ. ಮೊದಲು ಇದಕ್ಕೆ ಸೂಜಿ ಹಾಕಿ ಲಿವರ್‌ನ ಸಣ್ಣ ಚೂರು ತೆಗೀಲೇಬೇಕಿತ್ತು. ಈಗ ಎಷ್ಟೋ ಜನಕ್ಕೆ ಬೇಕಾಗಲ್ಲ, ರಕ್ತಾನೇ ಸುಳಿವು ಕೊಡುತ್ತೆ. ಲಿವರ್‌ಗೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತಲ್ಲ ಎಂಜೈಮು, ಅದು ನಿಮ್ಮಲ್ಲಿ ಏನೂ ಹಾರಾಡ್ತಿಲ್ಲ, ಸ್ವಲ್ಪ ಮೇಲಿದೆ ಅಷ್ಟೆ. ಅದೊಂದನ್ನೇ ನೋಡಿದ್ರೆ ಮನೆಗೆ ಕಳಿಸಿಬಿಡ್ತಿದ್ದೆ. ಆದ್ರೆ ಪ್ಲೇಟ್‌ಲೆಟ್ ಕಮ್ಮಿ ಇದೆ."

"ಅದು ಡೆಂಗಿ ಬಂದಾಗ ಇಳಿಯೋದಲ್ವಾ?" ನಾನು ನಡುವೆ ಮೂಗು ತೂರಿಸಿದೆ.

"ಇದಕ್ಕೂ ಇಳಿಯುತ್ತೆ. ಲಿವರ್ ಗಡುಸಾದ್ರೆ ರಕ್ತ ಅದರೊಳಗೆ ಸಲೀಸಾಗಿ ನುಗ್ಗಲ್ಲ, ಹಿಂದಕ್ಕೆ ಒತ್ತುತ್ತೆ. ಎಡಗಡೆ ಗುಲ್ಮ ಅಂತ ಇದೆಯಲ್ಲ, ಅದು ಊದಿಕೊಂಡು ಪ್ಲೇಟ್‌ಲೆಟ್‌ನೆಲ್ಲ ತನ್ನ ಹತ್ರಾನೇ ಇಟ್ಕೊಂಡು ಬಿಡುತ್ತೆ." ಅವರು ಫೋನಿನಲ್ಲಿ ಏನೋ ಒತ್ತಿದರು. "ನಿಮ್ಮ ವಯಸ್ಸು, ಎರಡು ಎಂಜೈಮು, ಪ್ಲೇಟ್‌ಲೆಟ್. ಈ ನಾಲ್ಕನ್ನೂ ಸೇರಿಸಿ ಒಂದು ಲೆಕ್ಕ ಇದೆ. ನಿಮ್ಮದು ಜಾಸ್ತಿ ಬರ್ತಿದೆ. ಹಾಗಂತ ಇದೇ ಕೊನೆ ಮಾತಲ್ಲ. ವಯಸ್ಸಾದವರಲ್ಲಿ ಈ ಲೆಕ್ಕ ಸುಮ್ಸುಮ್ನೆ ಹೆದರಿಸೋದೂ ಉಂಟು. ಅದಕ್ಕೇ ಒಂದು ಸ್ಕ್ಯಾನ್ ಮಾಡೋಣ."

ಪಕ್ಕದ ಕೋಣೆಯಲ್ಲಿ ದೊಡ್ಡಮ್ಮನನ್ನು ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಇಡಿಸಿ, ಪಕ್ಕೆಲುಬಿನ ಸಂದಿಗೆ ಯಂತ್ರದ ದುಂಡು ತುದಿಯನ್ನು ಒತ್ತಿ ಹಿಡಿದರು. ಯಂತ್ರ ಟಪ್ ಟಪ್ ಎಂದು ಮೆಲ್ಲಗೆ ತಟ್ಟಿತು. ಆ ತಟ್ಟು ಒಳಗೆ ಅಲೆಯಾಗಿ ಹರಿಯುತ್ತದೆಯಂತೆ. ಗಡುಸಾದ ಕಡೆ ಬೇಗ, ಮೆತ್ತಗಿದ್ದ ಕಡೆ ನಿಧಾನ.

"ಓ, ಗಾದಿ ತಟ್ಟಿ ನೋಡೋ ಹಾಗೆ" ಎಂದಳು ದೊಡ್ಡಮ್ಮ, ಸ್ವಲ್ಪ ಧೈರ್ಯ ತಂದುಕೊಂಡು.

"ಸುಮಾರಾಗಿ ಹಾಗೇನೆ" ಎಂದು ಡಾಕ್ಟರು ಸೀನಿದರು.

ಲಿವರ್ ಗಡುಸಾಗಿತ್ತು. ಪೂರ್ತಿ ಕೆಟ್ಟಿರಲಿಲ್ಲ, ಆದರೆ ಕೆಡುವ ಅಂಚಿಗೆ ಬಂದಿತ್ತು. ದಿನಕ್ಕೊಂದು ಮಾತ್ರೆ, ಬಿಡದೆ, ಬಹುಶಃ ಬದುಕಿರುವವರೆಗೂ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಗಡ್ಡೆಗಿಡ್ಡೆ ತಲೆಯೆತ್ತಿದರೆ ಮೊದಲೇ ತಿಳಿಯಲಿ ಎಂದು. ಅಕ್ಕನ ಲಿವರ್‌ನಲ್ಲಿ ಇನ್ನೂ ಕಲೆ ಇರಲಿಲ್ಲ. ಆದರೆ ರಕ್ತದಲ್ಲಿ ವೈರಸ್ಸು ಕಿಕ್ಕಿರಿದಿತ್ತು. ಅದು ಮಗುವಿಗೆ ದಾಟದಿರಲೆಂದು ಅವಳಿಗೂ ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾತ್ರೆ ಕೊಟ್ಟರು.

ದೊಡ್ಡಮ್ಮ ತನ್ನ ಲಿವರ್ ಬಗ್ಗೆ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅವಳಿಗೆ ಚುಚ್ಚಿದ್ದು ಬೇರೆ. "ಹೊಟ್ಟೆಲಿಟ್ಕೊಂಡು ಕಾಪಾಡ್ತಿದ್ದೀನಿ ಅಂದ್ಕೊಂಡಿದ್ನಲ್ಲೇ, ವಿಷ ಕೊಟ್ಟು ಕಳಿಸಿದ್ದೀನಿ" ಎಂದು ನನ್ನಮ್ಮನ ಹತ್ತಿರ ಒಮ್ಮೆ ಹೇಳಿದಳು. ಮತ್ತೆ ಆ ಮಾತೆತ್ತಲಿಲ್ಲ. ಮಾತಿನ ಬದಲು ಕೆಲಸ ಶುರುಮಾಡಿದಳು. ತನಗೆಂದು ಒಂದು ಲೋಟ, ಒಂದು ತಟ್ಟೆ ಬೇರೆ ತೆಗೆದಿಟ್ಟಳು. ಅವನ್ನು ತಾನೇ ತೊಳೆದು ಕಿಟಕಿಯ ಮೇಲೆ ಕವುಚಿ ಹಾಕುತ್ತಿದ್ದಳು. ಬಾಯಲ್ಲಿ ಮೊಳೆ ಇಟ್ಟುಕೊಳ್ಳುವುದನ್ನು ಬಿಟ್ಟಳು. ಆಮೇಲೆ ಒಂದು ದಿನ ಅಂಗಡಿಯ ಬಾಗಿಲನ್ನೇ ಹಾಕಿದಳು. ಗಾದಿ ಹೊಲಿಯುವ ಡೊಂಕು ಸೂಜಿ ಬೆರಳಿಗೆ ಚುಚ್ಚದ ದಿನವಿಲ್ಲ. ತನ್ನ ರಕ್ತದ ಹನಿ ಯಾರ ದಿಂಬಿಗೆ ತಾಗಿ ಯಾರ ಮಗುವಿಗೆ ಬರುತ್ತದೋ ಎಂಬುದು ಅವಳ ಭಯ. ದೊಡ್ಡಪ್ಪ ಚೌಕಟ್ಟುಗಳನ್ನು ಮಾಡಿ ಮಾಡಿ ಹಿತ್ತಲಲ್ಲಿ ಒಟ್ಟಿದ. ಗಾದಿಯಿಲ್ಲದ ಕುರ್ಚಿಗಳ ಎಲುಬುಗೂಡುಗಳ ನಡುವೆ ನಡೆದುಕೊಂಡೇ ನಾವು ಬಟ್ಟೆ ಒಣಹಾಕಬೇಕಾಗಿತ್ತು.

ಮಗು ಹುಟ್ಟಿತು. ಹೆಣ್ಣು. ಹೆರಿಗೆಯ ಕೋಣೆಯಲ್ಲೇ ಅದರ ಎರಡು ಪುಟ್ಟ ತೊಡೆಗೂ ಒಂದೊಂದು ಚುಚ್ಚುಮದ್ದು ಹಾಕಿದರು. ಒಂದು ಲಸಿಕೆ. ಇನ್ನೊಂದು ಸಿದ್ಧವಾಗಿಯೇ ಸಿಗುವ ರಕ್ಷಣೆ, ಲಸಿಕೆ ಕೆಲಸ ಶುರುಮಾಡುವವರೆಗೂ ಕಾವಲಿಗೆ. ಮಗು ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತಿತು. "ದನಿ ಅಜ್ಜಿದೇ" ಎಂದ ಭಾವ.

ಅಜ್ಜಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ಒಳಗೆ ಬಾ, ಎತ್ಕೋ" ಎಂದರೆ, "ನೆಗಡಿಯಾಗಿದೆ" ಎಂದಳು. ಬಾಣಂತಿ ಮನೆಗೆ ಬಂದಮೇಲೆ ಸೊಂಟ ನೋವು ಎಂದಳು, ಕೈ ಒದ್ದೆ ಎಂದಳು. ಮಗುವಿನ ಬಟ್ಟೆ ಒಗೆದಳು, ಹಾಸಿಗೆ ಬಿಸಿಲಿಗೆ ಹಾಕಿದಳು, ನಾವು ಮಗುವನ್ನು ಎತ್ತುವ ರೀತಿಯಲ್ಲಿ ತಪ್ಪು ಹುಡುಕಿದಳು. ಮುಟ್ಟಲಿಲ್ಲ. ತೊಟ್ಟಿಲಿನಿಂದ ಒಂದು ಮಾರು ದೂರ ನಿಂತು, ಕೈ ಹಿಂದೆ ಕಟ್ಟಿಕೊಂಡು, ಕತ್ತು ಮಾತ್ರ ಮುಂದಕ್ಕೆ ಚಾಚಿ ನೋಡುತ್ತಿದ್ದಳು. ತಬ್ಬಿದರೆ, ಮುದ್ದಿಟ್ಟರೆ, ಒಂದೇ ತಟ್ಟೆಯಲ್ಲಿ ಉಂಡರೆ ಇದು ಬರುವುದಿಲ್ಲವೆಂದು ಡಾಕ್ಟರು ಅವಳೆದುರೇ ಹೇಳಿದ್ದರು. "ಡಾಕ್ಟ್ರಿಗೇನು, ಹೇಳ್ತಾರೆ" ಎನ್ನುತ್ತಿದ್ದಳು.

ಅಕ್ಕ ಕೆಲವು ವಾರ ತಡೆದುಕೊಂಡಳು. ಒಂದು ಬೆಳಗ್ಗೆ ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ನಾನು ನೀರು ತಂದಿಟ್ಟೆ. ದೊಡ್ಡಮ್ಮ ಮಾಮೂಲಿ ಜಾಗದಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಅಮ್ಮಾ, ಒಂದು ಮಾತು ಕೇಳ್ತೀನಿ, ನೇರವಾಗಿ ಹೇಳು. ನಾನು ಇದನ್ನ ಮುಟ್ಟಬಹುದಾ?"

"ಇದೇನೇ ಪ್ರಶ್ನೆ! ನೀನು ತಾಯಿ."

"ನನ್ನ ರಕ್ತದಲ್ಲೂ ಅದೇ ಇದೆ. ನಿನ್ನ ರಕ್ತದಲ್ಲಿರೋದೇ. ನಾನು ಹಾಲು ಕುಡಿಸ್ತಿದ್ದೀನಿ, ಮುದ್ದು ಮಾಡ್ತಿದ್ದೀನಿ, ಪಕ್ಕದಲ್ಲೇ ಮಲಗಿಸ್ಕೋತೀನಿ. ನೀನು ಮುಟ್ಟಿದ್ರೆ ಕೆಡುತ್ತೆ ಅಂದ್ರೆ ನಾನು ಮುಟ್ಟಿದ್ರೂ ಕೆಡುತ್ತೆ ತಾನೇ? ನಂಗೂ ಒಂದು ಬೇರೆ ಲೋಟ ತೆಗೆದಿಡು. ಇಬ್ರೂ ಬಾಗಿಲಲ್ಲೇ ನಿಂತ್ಕೊಳ್ಳೋಣ."

ದೊಡ್ಡಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಾನು ನಿಂಗೆ ಕೊಟ್ಬಿಟ್ನಲ್ಲೇ..."

"ಹೌದು, ಕೊಟ್ಟೆ. ಗೊತ್ತಿದ್ದು ಕೊಟ್ಯಾ? ನಿಮ್ಮಮ್ಮ ಗೊತ್ತಿದ್ದು ಕೊಟ್ಟಳಾ? ಈ ಮೂಗನ್ನೂ ನೀನೇ ಕೊಟ್ಟಿದ್ದು. ಅದಕ್ಕೆ ಮಾತ್ರೇನೂ ಇಲ್ಲ, ಲಸಿಕೇನೂ ಇಲ್ಲ. ನೋಡು, ಇದಕ್ಕೂ ದಾಟಿದೆ."

ದೊಡ್ಡಮ್ಮ ಮಗುವಿನ ಮೂಗು ನೋಡಿದಳು. ಅಳುತ್ತಲೇ ನಕ್ಕುಬಿಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಮೊಳಕೈವರೆಗೂ ಸೋಪು ಹಚ್ಚಿ ತೊಳೆದು ಬಂದಳು. ಹತ್ತೂ ಬೆರಳನ್ನು ಬೆಳಕಿಗೆ ಹಿಡಿದು ಎಲ್ಲಾದರೂ ಗೀರಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಎತ್ತಿಕೊಂಡಳು. ಎತ್ತಿಕೊಂಡವಳು ಮಧ್ಯಾಹ್ನದವರೆಗೂ ಕೆಳಗಿಳಿಸಲಿಲ್ಲ. ಅಕ್ಕ ಕೇಳಿದರೆ, "ಇರು, ಭಾರ ಎಷ್ಟಿದೆ ಅಂತ ನೋಡ್ತಿದ್ದೀನಿ" ಎಂದಳು.

ಅಂಗಡಿಯ ವಿಷಯ ಡಾಕ್ಟರೇ ಬಗೆಹರಿಸಿದರು. ಅವಳ ಭಯವನ್ನು ಅವರು ತಳ್ಳಿಹಾಕಲಿಲ್ಲ. "ನೀವು ಯೋಚಿಸಿದ್ದು ತಪ್ಪಲ್ಲ. ಒಣಗಿದ ರಕ್ತದಲ್ಲೂ ಈ ವೈರಸ್ಸು ಕೆಲವು ದಿನ ಬದುಕಿರುತ್ತೆ. ಅದಕ್ಕೆ ಅಂಗಡಿ ಯಾಕೆ ಮುಚ್ಬೇಕು? ಬೆರಳಿಗೆ ಟೋಪಿ ಹಾಕ್ಕೊಳ್ಳಿ, ಗಾಯ ಆದ್ರೆ ಪಟ್ಟಿ ಸುತ್ತಿ, ರಕ್ತ ತಾಗಿದ್ರೆ ಬ್ಲೀಚ್ ನೀರಲ್ಲಿ ಒರೆಸಿ. ನಿಮ್ಮ ಬ್ರಷ್ಷು, ಉಗುರು ಕತ್ತರಿಸೋದು, ಸೂಜಿ, ಬೇರೆಯವರು ಮುಟ್ಟೋದು ಬೇಡ. ಅಷ್ಟೇ" ಎಂದರು. ಮಾರನೆಯ ದಿನವೇ ಬಾಗಿಲು ತೆರೆಯಿತು. ತೋರುಬೆರಳಿಗೂ ಹೆಬ್ಬೆರಳಿಗೂ ಚರ್ಮದ ಟೋಪಿ ಹಾಕಿಕೊಂಡು, ಮೊಳೆಗಳನ್ನು ಅಯಸ್ಕಾಂತದ ಬಟ್ಟಲಲ್ಲಿ ಇಟ್ಟುಕೊಂಡು ದೊಡ್ಡಮ್ಮ ಮತ್ತೆ ಕೂತಳು. ಬಾಯಿ ಖಾಲಿಯಾದ್ದರಿಂದ ಈಗ ಬೈಗುಳ ಗಿರಾಕಿಗಳಿಗೂ ಸ್ಪಷ್ಟವಾಗಿ ಕೇಳಿಸತೊಡಗಿತು. ಒಂದಿಬ್ಬರು ಮುನಿಸಿಕೊಂಡು ಹೋದರು. ಹಿತ್ತಲಿನ ಎಲುಬುಗೂಡುಗಳಿಗೆ ಒಂದೊಂದಾಗಿ ಮೈ ಬಂತು.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅದರ ರಕ್ತ ನೋಡಬೇಕಿತ್ತು. ಆ ವಾರವೆಲ್ಲ ದೊಡ್ಡಮ್ಮ ಯಾರ ಮೇಲೂ ರೇಗಲಿಲ್ಲ, ಅದನ್ನು ಕಂಡು ನಮಗೆಲ್ಲ ಭಯವಾಯಿತು. ವರದಿ ಬಂದಾಗ ಡಾಕ್ಟರು ನಗುತ್ತಲೇ ಹೇಳಿದರು: ವೈರಸ್ಸಿನ ಗುರುತು ಇಲ್ಲ, ರಕ್ಷಣೆಯ ಗುರುತು ಬೇಕಾದಷ್ಟಿದೆ. ದೊಡ್ಡಮ್ಮನಿಗೆ ಒಂದೇ ಸಲಕ್ಕೆ ನಂಬಿಕೆ ಬರಲಿಲ್ಲ. "ಇನ್ನೊಂದ್ಸಲ ಹೇಳಿ" ಎಂದಳು. ಅವರು ಇನ್ನೊಂದು ಸಲ ಹೇಳಿದರು. "ಅಂದ್ರೆ ನಮ್ಮಮ್ಮನಿಂದ ನಂಗೆ, ನನ್ನಿಂದ ಇವಳಿಗೆ, ಇವಳಲ್ಲಿಗೆ ಮುಗೀತಾ?"

"ಇವರಲ್ಲಿಗೆ ಮುಗೀತು."

ದೊಡ್ಡಮ್ಮ ಎದ್ದು ಹೋಗಿ ಆ ಸಣಕಲು ಡಾಕ್ಟರನ್ನು ತಬ್ಬಿಕೊಂಡಳು. ಅವರ ಕನ್ನಡಕ ಕೆಳಗೆ ಬಿತ್ತು. ಅದರ ಡೊಂಕಾದ ಕಡ್ಡಿಯನ್ನು ಅಕ್ಕ ಅಲ್ಲೇ ನೆಟ್ಟಗೆ ಮಾಡಿಕೊಟ್ಟಳು.

ಆಮೇಲೂ ವರ್ಷಗಳು ಹೋದವು. ಮಾತ್ರೆಯನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನದ ಗಾದಿ ಪರೀಕ್ಷೆ ತಾನಾಗಿಯೇ ಚಿಕ್ಕದಾಗುತ್ತ ಬಂತು. ಮೊಮ್ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷದ ಸ್ಕ್ಯಾನ್‌ನಲ್ಲಿ ಯಂತ್ರ ಟಪ್ ಟಪ್ ಎಂದು ತಟ್ಟಿ ಮುಗಿಸಿದ ಮೇಲೆ ಡಾಕ್ಟರು ಹಳೆಯ ಅಂಕಿಯನ್ನೂ ಹೊಸದನ್ನೂ ಬಹಳ ಹೊತ್ತು ನೋಡಿದರು. "ಗಡುಸುತನ ಚೆನ್ನಾಗೇ ಇಳಿದಿದೆ ಅಮ್ಮಾ. ಪ್ಲೇಟ್‌ಲೆಟ್ಟೂ ಏರಿದೆ. ಇದರಲ್ಲಿ ಸ್ವಲ್ಪ ಒಳಗಿನ ಉರಿ ಆರಿದ್ದು, ಸ್ವಲ್ಪ ನಿಜವಾಗ್ಲೂ ಕಲೆ ಕರಗಿದ್ದು. ಎಷ್ಟೆಷ್ಟು ಅಂತ ನಾನು ಬಿಡಿಸಿ ಹೇಳೋಕಾಗಲ್ಲ."

"ಹಾಗಾದ್ರೆ ಮಾತ್ರೆ ನಿಲ್ಲಿಸಬಹುದಾ?"

"ಬೇಡ. ಸ್ಕ್ಯಾನೂ ಬಿಡೋ ಹಾಗಿಲ್ಲ."

"ಗೊತ್ತಿತ್ತು" ಎಂದಳು ದೊಡ್ಡಮ್ಮ. "ಕೇಳಿ ನೋಡ್ದೆ ಅಷ್ಟೆ."

ಈಗ ಅವಳಿಗೆ ಹೊಸದೊಂದು ಚಟ ಹತ್ತಿದೆ. ಬೀದಿಯ ಯಾವ ಹೆಂಗಸು ಬಸಿರಾದರೂ ಅಭಿನಂದನೆಗೆ ಮೊದಲು "ರಕ್ತ ತೋರಿಸಿದ್ಯಾ? ಬಿ ನೋಡಿದ್ರಾ?" ಎಂದು ಕೇಳುತ್ತಾಳೆ. ತಿರುವಿನಲ್ಲೊಬ್ಬ ಕ್ಷೌರಿಕ ಅಂಗಡಿ ಇಟ್ಟಿದ್ದಾನೆ. ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ದಿನವೂ ಅವನ ಬಾಗಿಲಲ್ಲಿ ನಿಂತು, "ಬ್ಲೇಡು ಹೊಸದಾ?" ಎಂದು ಒಳಗೆ ಇಣುಕುತ್ತಾಳೆ. ಮೊದಮೊದಲು ಅವನು ಸಿಡುಕುತ್ತಿದ್ದ. ಈಗ ಅಜ್ಜಿ ಮೊಮ್ಮಗಳು ತಿರುವಿನಲ್ಲಿ ಕಂಡರೆ ಸಾಕು, ನೊರೆ ಮೆತ್ತಿಕೊಂಡು ಕೂತ ಗಿರಾಕಿಯನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದು, ಇನ್ನೂ ಕಾಗದ ಬಿಚ್ಚದ ಬ್ಲೇಡನ್ನು ಎತ್ತಿ ಹಿಡಿಯುತ್ತಾನೆ.

"ಹೊಸದು, ಗಾದಿಯಮ್ಮಾ! ಹೊಸದು!"